ನಮ್ಮವ್ವನ ‘ಇಲ್ರಿ’ ಮತ್ತು ಗುರುವಾರದ ಸೂಜಿ

ಮೊನ್ನೆ ನೇಸರಗಿಯಿಂದ ಬೈಲಹೊಂಗಲಕ್ಕೆ ಬರುವ ಸಂಜೆಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಣ್ಣುಮಗಳು ಕೂಸೊಂದನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ಕೂಸಿನ ಮುಖ ನನ್ನ ಕಡೆಗೆ. ಕೆನ್ನೆಗಳು ಆಗತಾನೇ ಉಗಿಯಿಂದ ಇಳಿಸಿದ ಕಡುಬಿನಂತಿದ್ದವು. ಅದು ಸೀಟಿನ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದು, ಇದ್ದೆರಡು ಹಲ್ಲಿನಿಂದ ಕಚ್ಚುತ್ತ, ನಡುನಡುವೆ ನನ್ನ ಕನ್ನಡಕಕ್ಕೆ ಕೈ ಹಾಕುತ್ತಿತ್ತು. ಸುಮ್ಮನಿರಲಾರದೆ ‘ಎಷ್ಟ ತಿಂಗಳದ್ರಿ?’ ಅಂದೆ. ಆಕೆ ತಿರುಗಿ ನನ್ನನ್ನು ಒಮ್ಮೆ ಅಳೆದು, ಸೆರಗನ್ನು ಕೂಸಿನ ತಲೆಯ ಮೇಲೆ ಎಳೆದಳು. ‘ಏನೋ ಐತ್ರಿ. ಬರೇ ಜಡ್ಡು. ಹಾಲ ಸೈತ ಕುಡ್ಯಾಂಗಿಲ್ಲ’ ಅಂದಳು. ಸೆರಗಿನೊಳಗಿನಿಂದ ಆ ಹಾಲೂ ಕುಡಿಯದ ರೋಗಿಷ್ಠ ಕೂಸು ಸರಳನ್ನು ಕಿತ್ತೇ ತೀರುವೆನೆಂದು ಜಗ್ಗುತ್ತಲೇ ಇತ್ತು.

ಬೇರೆಯವರಾಗಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರೇನೋ. ನನಗೆ ಮಾತ್ರ ತವರಿಗೆ ಬಂದಷ್ಟು ಸುಖವಾಯಿತು. ಈ ವಿದ್ಯೆಯಲ್ಲಿ ನಮ್ಮವ್ವನಷ್ಟು ಪಳಗಿದವರು ಬೈಲಹೊಂಗಲದಿಂದ ರಾಮದುರ್ಗದವರೆಗೆ ಸಿಕ್ಕಲಾರರು. ತನ್ನ ಮನೆಯಲ್ಲಿ ಒಳ್ಳೆಯದು ಏನಿದೆಯೋ ಅದನ್ನು ಇಲ್ಲ ಅನ್ನಬೇಕು. ಇದು ಅವಳ ಒಂದೇ ಒಂದು ನೇಮ. ನಾವು ನಮ್ಮ ಹಳ್ಳಿ ಚಚಡಿಯಲ್ಲಿದ್ದಾಗ ಎಮ್ಮೆ ಹೇಗೆ ಹಿಂಡುತ್ತದೆ ಎಂದು ಯಾರಾದರೂ ಕೇಳಿದರೆ, ಚಹಾಕ್ಕೂ ಸಾಲುವುದಿಲ್ಲ ಅನ್ನುತ್ತಿದ್ದಳು. ಕೇಳಿದವರೇ ನಮ್ಮ ಮನೆಯ ಮಜ್ಜಿಗೆಯ ಚರಿಗೆ ಹಿಡಿದು ನಿಂತಿರುತ್ತಿದ್ದರು. ಅಪ್ಪ ಬೆಳೆದ ಬಿಳಿಜೋಳ ಆಳೆತ್ತರ ನಿಂತಾಗಲೂ ‘ಏನ್ ಬೆಳಿ ಬಿಡ್ರಿ’ ಎಂದೇ ಅವಳ ಮಾತು. ನಾನು ಹತ್ತನೇ ಇಯತ್ತೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ದಿನ ‘ಹೆಂಗೋ ದಾಟ್ಯಾನ’ ಎಂದು ಎಷ್ಟು ಸಣ್ಣ ಮುಖ ಮಾಡಿಕೊಂಡು ಹೇಳಿದಳೆಂದರೆ, ಓಣಿಯ ಇಬ್ಬರು ಹಿರಿಯರು ಮನೆಗೆ ಬಂದು ನನ್ನ ಬೆನ್ನು ಸವರಿ, ಧೈರ್ಯ ಬಿಡಬೇಡ, ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂಡಬಹುದು ಎಂದು ಸಮಾಧಾನ ಹೇಳಿ ಹೋದರು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ನಾವು ಪೇಡೆ ತಿಂದೆವು.

ನಗಬೇಡಿ. ಇದರ ಹಿಂದೆ ಒಂದು ನೋವಿದೆ. ನನಗಿಂತ ಮೊದಲು ಅವ್ವನಿಗೆ ಒಬ್ಬ ಮಗ ಹುಟ್ಟಿದ್ದ. ತುಂಬ ಚೆಲುವನಂತೆ. ಹಾದಿಯಲ್ಲಿ ಹೋಗುವವರೂ ನಿಂತು ಎತ್ತಿಕೊಂಡು ಹೊಗಳಿ ಹೋಗುತ್ತಿದ್ದರಂತೆ, ಅವ್ವನೂ ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದಳಂತೆ. ಒಂದು ಬೇಸಿಗೆಯಲ್ಲಿ ಊರಿಗೆ ದಡಾರ ಬಂತು. ಅವನು ಉಳಿಯಲಿಲ್ಲ. ಅವ್ವ ಇದನ್ನು ನನಗೆ ಹೇಳಿದ್ದು ಒಂದೇ ಸಲ, ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ. ಅಂದಿನಿಂದ ಅವಳು ಎರಡು ಕಾವಲು ಇಟ್ಟುಕೊಂಡಳು. ಬೇನೆಯನ್ನು ತಡೆಯಲು ಸೂಜಿ, ಕಣ್ಣನ್ನು ತಡೆಯಲು ಸುಳ್ಳು. ಎರಡರಲ್ಲಿ ಒಂದನ್ನೂ ಅವಳು ತಪ್ಪಿಸಿದವಳಲ್ಲ. ಊರಿಗೆ ಸೂಜಿಯವರು ಬಂದರೆಂದರೆ ನನ್ನ ರಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ತಂದು ನಿಲ್ಲಿಸುವವಳು ಅವಳೇ. ನಿಲ್ಲಿಸಿದ ಮೇಲೆ, ‘ನೋಡ್ರಿ, ಇದರಾಗ ಏನೂ ತ್ರಾಣ ಇಲ್ಲ’ ಎಂದು ಸಾರುವವಳೂ ಅವಳೇ.

ಸೂಜಿಯೆಂದರೆ ಸಾಲಿಯ ದಿನಗಳು ನೆನಪಾಗುತ್ತವೆ. ಚಚಡಿಯ ಸಾಲಿಗೆ ಕಾಲರಾ ಸೂಜಿ ಹಾಕುವವರು ಬಂದ ದಿನ ಹುಡುಗರೆಲ್ಲ ದೇಸಾಯರ ವಾಡೆಯ ಹಿಂದೆ, ಬಣವೆಗಳ ಸಂದಿಯಲ್ಲಿ ಮಾಯವಾದರು. ನಾನೊಬ್ಬನೇ ಅಂಗಳದಲ್ಲಿ ಉಳಿದೆ. ಮಾಸ್ತರರು ನನ್ನ ಭುಜದ ಮೇಲೆ ಕೈಯಿಟ್ಟು, ನೋಡಿರಿ ಧೈರ್ಯ ಅಂದರೆ ಇದು ಅಂದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಚುಚ್ಚಿಸಿಕೊಂಡರೆ ಕೈ ಬಾತು ಕೊಳೆತು ಹೋದರೆ ಎಂಬ ಚಿಂತೆ ಒಂದು ಕಡೆ. ಚುಚ್ಚಿಸಿಕೊಳ್ಳದೆ ಕಾಲರಾ ಬಂದರೆ ಎಂಬ ಚಿಂತೆ ಇನ್ನೊಂದು ಕಡೆ. ಎರಡೂ ಸಮಸಮ ಜಗ್ಗಿದ್ದರಿಂದ ನನ್ನ ಕಾಲು ಕಿತ್ತಿರಲಿಲ್ಲ, ಅಷ್ಟೇ. ಸಂಜೆ ಮಾಸ್ತರರು ಮನೆಗೆ ಬಂದು ಹೊಗಳಿದಾಗ ಅವ್ವ, ‘ಅಂವಾ ಅಂಜಿ ನಿಂತಾನ ಬಿಡ್ರಿ’ ಅಂದಳು. ಅವಳ ನಿರಾಕರಣೆಗಳಲ್ಲಿ ನೂರಕ್ಕೆ ನೂರು ನಿಜವಾದದ್ದು ಅದೊಂದೇ.

ಆ ಚಿಂತೆಯ ಗಿಡ ನನ್ನ ಜೊತೆಗೇ ಬೆಳೆಯಿತು. ವಿಜ್ಞಾನ ಕಲಿಸುವ ಮಾಸ್ತರನಾದರೂ ಹೋಗಲಿಲ್ಲ. ಬದಲಿಗೆ ಚಿಂತೆ ಮಾಡಲು ಹೊಸ ಹೊಸ ವಿಷಯಗಳು ಸಿಕ್ಕವು. ಮದುವೆಯ ಬಗ್ಗೆ ಎಷ್ಟು ವರ್ಷ ಚಿಂತಿಸಿದೆನೆಂದರೆ, ತಲೆ ನರೆತ ಮೇಲೆಯೇ ಕಿತ್ತೂರಿನ ಸುಧಾ ಮನೆಗೆ ಬಂದಳು. ಮಗಳು ಹುಟ್ಟಿದಾಗ ಆಸ್ಪತ್ರೆಯ ಆಯಾ ‘ಅಜ್ಜಾರ, ಪೇಡೆ ಎಲ್ರಿ?’ ಎಂದು ನನ್ನನ್ನೇ ಕೇಳಿದಳು. ನಾನು ಪೇಡೆ ತಂದಿರಲಿಲ್ಲ. ಮಗಳು ದಿನ ತುಂಬುವ ಮೊದಲೇ, ಎಂಟು ತಿಂಗಳಿಗೇ ಬಂದುಬಿಟ್ಟಿದ್ದಳು. ಏಳು ತಿಂಗಳಿನ ಕೂಸು ಉಳಿಯುತ್ತದೆ, ಎಂಟರದು ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಡೆ ಇದೆ. ಅದು ಮೂಢನಂಬಿಕೆ ಎಂದು ನಾನು ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ. ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ, ಮೆಂತ್ಯದ ಸಿವುಡಿನಷ್ಟು ಹಗುರಾದ ಅವಳನ್ನು ನೋಡುತ್ತ ನಿಂತಾಗ ನಾನು ಹೇಳಿದ್ದೆಲ್ಲ ನನಗೇ ಮರೆತುಹೋಗಿತ್ತು.

ಅವಳು ಬದುಕಿದಳು. ತೊಟ್ಟಿಲಿಗೆ ಹಾಕಿದ ದಿನ ಸಹನಾ ಎಂದು ಹೆಸರಿಟ್ಟೆವು. ಅವ್ವ ಆ ಹೆಸರನ್ನು ಬಾಯಿಂದ ಅನ್ನಲೇ ಇಲ್ಲ. ತಿಪ್ಪೆಯಲ್ಲಿ ಸಿಕ್ಕದ್ದನ್ನು ಯಾರೂ ಆಸೆಪಡುವುದಿಲ್ಲ ಎಂಬ ಹಳೆಯ ಲೆಕ್ಕಾಚಾರದಿಂದ ತಿಪ್ಪವ್ವ ಎಂದು ಕರೆದಳು.

ಅಲ್ಲಿಂದ ನಮ್ಮ ಗುರುವಾರಗಳು ಶುರುವಾದವು. ಸರಕಾರಿ ದವಾಖಾನೆಯಲ್ಲಿ ಗುರುವಾರ ಕೂಸುಗಳಿಗೆ ಲಸಿಕೆ. ಒಂದೂವರೆ ತಿಂಗಳಿನ ಸೂಜಿ ಹಾಕಿಸಿದ ದಿನ, ಸಂಜೆಗೆ ಜ್ವರ ಬರಬಹುದು ಎಂದು ನರ್ಸಮ್ಮ ಹೇಳಿದ್ದಳು. ಸಂಜೆಯಾದರೂ ಬರಲಿಲ್ಲ. ಬರದ ಜ್ವರದ ಚಿಂತೆ ಬಂದ ಜ್ವರದ ಚಿಂತೆಗಿಂತ ದೊಡ್ಡದು. ಮದ್ದು ಕೆಟ್ಟದ್ದಿರಬಹುದೇ, ಸೂಜಿ ಸರಿ ಇಳಿದಿಲ್ಲವೇ ಎಂದು ಥರ್ಮಾಮೀಟರ್ ಹಿಡಿದು ತೊಟ್ಟಿಲು ಸುತ್ತಿದೆ. ಕೊನೆಗೆ ಸುಧಾ ಅದನ್ನು ಕಸಿದು ನನ್ನ ಬಗಲಲ್ಲಿ ಇಟ್ಟು ನೋಡಿದಳು. ಜ್ವರ ನನಗಿತ್ತು.

ಪೋಲಿಯೋ ಭಾನುವಾರದ ಕಥೆಯನ್ನೂ ಹೇಳಿಯೇಬಿಡುತ್ತೇನೆ. ಬೂತಿನವರು ಮೇಜು ಹಾಕುವ ಮೊದಲೇ ನಾನು ಕೂಸಿನೊಂದಿಗೆ ಹಾಜರಿದ್ದೆ. ಹನಿ ಹಾಕಿಸಿ, ಕಿರುಬೆರಳಿಗೆ ಗುರುತು ಹಚ್ಚಿಸಿಕೊಂಡು ಓಣಿಯ ತಿರುವಿನವರೆಗೆ ಬಂದವನಿಗೆ ಒಂದು ಹನಿ ಗದ್ದದ ಮೇಲೆ ಇಳಿದಂತೆ ಕಂಡಿತ್ತಲ್ಲ ಎಂಬ ಸಂಶಯ ಹುಟ್ಟಿತು. ತಿರುಗಿ ಹೋದೆ. ಬೂತಿನ ಅಕ್ಕ, ಹನಿ ಸರಿಯಾಗಿಯೇ ಬಿದ್ದಿವೆ ಅಂದಳು. ಮತ್ತೆ ತಿರುವಿನವರೆಗೆ ಬಂದು ಮತ್ತೆ ತಿರುಗಿದೆ. ಈ ಸಲ ಆಕೆ ನನ್ನನ್ನು ದೂರದಿಂದಲೇ ನೋಡಿ, ‘ಸರ್, ಬಾಯಿ ತಗೀರಿ. ನಿಮಗೂ ಎರಡ ಹನಿ ಹಾಕಿಬಿಡತೇನಿ’ ಅಂದಳು.

ಆದರೆ ನಾನು ಹೇಳಹೊರಟದ್ದು ಸೂಜಿಯ ಸಂಗತಿಯನ್ನಲ್ಲ, ಸೂಜಿಯ ಜೊತೆ ಬರುವ ಪ್ರಶ್ನೆಗಳನ್ನು. ದವಾಖಾನೆಗೆ ಹೊಸದಾಗಿ ಒಬ್ಬ ಲೇಡಿ ಡಾಕ್ಟರ್ ಬಂದಿದ್ದರು. ವಯಸ್ಸಿನಲ್ಲಿ ಸಣ್ಣವರು, ಸೂಜಿ ಹಾಕಿಸಿ ಕಳಿಸಿ ಕೈತೊಳೆದುಕೊಳ್ಳುವವರಲ್ಲ. ಅವಸರದಲ್ಲಿ ಹುಟ್ಟಿದ ಕೂಸು, ಬೆಳವಣಿಗೆಯ ಮೇಲೆ ಕಣ್ಣಿಡಬೇಕು ಎಂದು ಪ್ರತಿಸಲ ವಿಚಾರಿಸುತ್ತಿದ್ದರು. ಕುತ್ತಿಗೆ ನಿಂತಿದೆಯೇ, ಸಪ್ಪಳಕ್ಕೆ ತಿರುಗುತ್ತಾಳೆಯೇ, ಆಟಿಗೆ ಹಿಡಿಯುತ್ತಾಳೆಯೇ. ಹೀಗೆ ಕೇಳುವಾಗ ಅವರ ಕೋಣೆಯ ಬಾಗಿಲು ತೆರೆದಿರುತ್ತಿತ್ತು, ಬಾಗಿಲಿನಲ್ಲಿ ಪಾಳಿ ಹಚ್ಚಿ ನಿಂತ ಬೈಲಹೊಂಗಲದ ಅರ್ಧ ತಾಯಂದಿರ ಕಣ್ಣು ನಮ್ಮ ಕೂಸಿನ ಮೇಲಿರುತ್ತಿತ್ತು. ಕೂಸು ನಮ್ಮವ್ವನ ತೊಡೆಯ ಮೇಲಿರುತ್ತಿತ್ತು. ಇನ್ನೇನಾಗಬೇಕೋ ಅದೇ ಆಯಿತು.

ಒಂಬತ್ತು ತಿಂಗಳಿಗೆ ದಡಾರದ ಸೂಜಿ. ಆ ಸೂಜಿಗಾಗಿ ಅವ್ವ ಬೆಳಗ್ಗೆಯಿಂದ ಉಪವಾಸವಿದ್ದಳು. ಡಾಕ್ಟರ್, ‘ಕುಂಡರತಾಳೇನ್ರಿ ಅಜ್ಜೀ?’ ಅಂದರು.

‘ಎಲ್ಲಿ ಕುಂಡರತಾಳ್ರಿ ಬಾಯಾರ. ಜ್ವಾಳದ ಚೀಲ ಇಟ್ಟಂಗ, ಇಟ್ಟ ಕಡೆ ವಾಲತಾಳ.’

ಹೆಸರು ಹಿಡಿದು ಕರೆದರೆ ನೋಡುತ್ತಾಳೆಯೇ ಎಂದರು. ಕೇಳಿಸುತ್ತದೆಯೋ ಇಲ್ಲವೋ ಯಾರು ಬಲ್ಲರು ಎಂದು ಅವ್ವ ನಿಟ್ಟುಸಿರು ಬಿಟ್ಟಳು. ಅಂದು ಬೆಳಗ್ಗೆಯಷ್ಟೇ ಮಗಳು ಗಟ್ಟಿಯಾಗಿ ಕೂತು, ನನ್ನ ಹಾಜರಿ ಪೆನ್ನಿನ ಟೊಪ್ಪಿಗೆ ಕಚ್ಚಿ ಸಪಾಟು ಮಾಡಿದ್ದಳು. ಸುಧಾ ‘ಇಲ್ರಿ, ಹಂಗೇನಿಲ್ಲ’ ಎಂದು ಬಾಯಿ ತೆರೆದದ್ದೇ ಅವ್ವ ಅವಳ ತೊಡೆ ಚಿವುಟಿದಳು. ಡಾಕ್ಟರ್ ಪರೀಕ್ಷಿಸೋಣವೆಂದರೆ ಕೂಸು ಸೂಜಿಯ ಸಿಟ್ಟಿನಲ್ಲಿ ಬಿಲ್ಲಿನಂತೆ ಬಾಗಿ ಅರಚುತ್ತಿತ್ತು. ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ವಿಜ್ಞಾನದ ಮಾಸ್ತರ. ಗ್ರಹಣದ ದಿನ ಮಕ್ಕಳ ಮುಂದೆ ನಿಂತು ಮಂಡಕ್ಕಿ ತಿಂದವನು. ಕೂಡುತ್ತಾಳೆ ಎಂದು ಒಂದು ಶಬ್ದ ಹೇಳಿದರೆ ಮುಗಿದಿತ್ತು. ಬಾಗಿಲಿನ ಕಣ್ಣುಗಳನ್ನು ನೋಡಿದೆ, ನಾಲಿಗೆ ಏಳಲಿಲ್ಲ.

ಹೊರಗೆ ಬಂದ ಮೇಲೆ ಸುಧಾ ಅತ್ತೆಗೆ ಕೇಳಿಯೇಬಿಟ್ಟಳು: ‘ಅತ್ತೀ, ಡಾಕ್ಟರ್ ಮುಂದ ಹಂಗ್ಯಾಕ ಹೇಳೂದ್ರಿ?’

‘ಡಾಕ್ಟರ್ ಒಬ್ಬಾಕಿನ ಇದ್ಲೇನು? ಹಿಂದ ಎಷ್ಟ ಮಂದಿ ನಿಂತಿದ್ರು ನೋಡಿದ್ಯೋ ಇಲ್ಲೋ?’

ಮುಂದಿನ ತಿಂಗಳು ಬರಹೇಳಿದ್ದರು, ಹೋದೆವು, ಕೂಸು ನಿದ್ದೆಯಲ್ಲಿತ್ತು. ಅದರ ಮುಂದಿನ ತಿಂಗಳು ಹೋದಾಗ ಅವ್ವ ತೊದಲುವುದನ್ನೂ, ಚಪ್ಪಾಳೆ ತಟ್ಟುವುದನ್ನೂ ಇಲ್ಲವಾಗಿಸಿದಳು. ಡಾಕ್ಟರ್ ಮುಖದ ಮೇಲಿನ ಗೆರೆ ಪ್ರತಿಸಲ ಆಳವಾಗುತ್ತ ಹೋಯಿತು. ಕೊನೆಗೆ ನನ್ನನ್ನು ಬದಿಗೆ ಕರೆದು, ಒಂದೂವರೆ ವರ್ಷದ ಸೂಜಿಗೆ ಬರುವಷ್ಟರಲ್ಲಿ ಕೂಸು ನಡೆಯದಿದ್ದರೆ ಬೆಳಗಾವಿಗೆ ಕಳಿಸುತ್ತೇನೆ, ಮೆದುಳಿನ ಪರೀಕ್ಷೆ ಆಗಬೇಕಾಗಬಹುದು ಅಂದರು. ನನಗೆ ಒಳಗೊಳಗೇ ನಗುವೂ ಬಂತು. ನಮ್ಮ ಮನೆಯ ನಾಟಕ ಇವರಿಗೇನು ಗೊತ್ತು ಎಂಬ ಸೊಕ್ಕು.

ಆ ಸೊಕ್ಕು ಬಹಳ ದಿನ ಬಾಳಲಿಲ್ಲ. ಮಗಳಿಗೆ ವರ್ಷ ತುಂಬಿತು. ಎದುರು ಮನೆಯ ಶಂಕ್ರವ್ವನ ಮೊಮ್ಮಗ, ನಮ್ಮವಳಿಗಿಂತ ಸಣ್ಣವನು, ಅಂಗಳದಲ್ಲಿ ಕೋಳಿಯ ಹಿಂದೆ ಓಡತೊಡಗಿದ. ನಮ್ಮವಳು ಕೂತಲ್ಲೇ ಕೂತು ಅವನನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದಳು. ಹಿಡಿದು ನಿಲ್ಲಿಸಿದರೆ ಮೊಣಕಾಲು ಮಡಚಿ ಕುಸಿಯುತ್ತಿದ್ದಳು. ದಿನ ತುಂಬದೆ ಹುಟ್ಟಿದವರು ತುಸು ತಡ ಎಂದು ಡಾಕ್ಟರೇ ಹೇಳಿದ್ದಾರೆ, ಎಂದು ನಾನು ಸುಧಾಗೆ ಹೇಳಿದೆ. ಅದೇ ಮಾತನ್ನು ಸುಧಾ ನನಗೆ ಹೇಳಿದಳು. ಇಬ್ಬರೂ ಹೇಳಿಕೊಂಡ ಮೇಲೂ ಅದು ಇಬ್ಬರ ಹೊಟ್ಟೆಗೂ ಇಳಿಯಲಿಲ್ಲ. ಊರಿಗೆಲ್ಲ ನಡೆಯುವುದಿಲ್ಲ ನಡೆಯುವುದಿಲ್ಲ ಅಂದು ಅಂದು ಅದನ್ನು ನಾವೇ ಕರೆದು ತಂದೆವೇನೋ ಎಂದು ಕೂಡ ನಾನು ಯೋಚಿಸಿದೆ. ವಿಜ್ಞಾನದ ಮಾಸ್ತರನ ಚಿಂತೆಗೆ ವಿಜ್ಞಾನದ ಹಂಗಿಲ್ಲ.

ಒಂದು ಸಂಜೆ ಸಾಲಿಯಿಂದ ಬಂದು ಹೊರಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಶಂಕ್ರವ್ವ ಅವ್ವನ ಜೊತೆ ಮಾತಾಡುತ್ತಿದ್ದಳು. ಮೊಮ್ಮಗಳು ಇನ್ನೂ ನಡೆಯುತ್ತಿಲ್ಲವೇ ಎಂದು ಕೇಳಿದ್ದಿರಬೇಕು. ಅವ್ವನ ದನಿ ಕೇಳಿಸಿತು:

‘ನಡೀತಾಳಬೇ. ನಿನ್ನಿಯಿಂದ ಚಲೋ ಹೆಜ್ಜಿ ಹಾಕಾಕ ಹತ್ಯಾಳ. ನಿಂದ್ರಂದ್ರ ನಿಂದ್ರಾಂಗಿಲ್ಲ, ಮನೀ ತುಂಬ ಓಡ್ಯಾಡತಾಳ.’

ನಾನು ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ನನ್ನ ಆಯುಷ್ಯದಲ್ಲಿ ಮೊದಲನೆಯ ಸಲ ಅವ್ವ ತನ್ನ ಮನೆಯದನ್ನು ಇನ್ನೊಬ್ಬರ ಮುಂದೆ ಹೊಗಳಿದ್ದಳು. ಇದ್ದಾಗ ಇಲ್ಲ ಅಂದವಳು ಇಲ್ಲದ್ದನ್ನು ಇದೆ ಅನ್ನುತ್ತಿದ್ದಳು. ಅವ್ವ ಎಷ್ಟು ಹೆದರಿದ್ದಾಳೆಂಬುದು ನನಗೆ ತಿಳಿದದ್ದು ಆಗ. ನನ್ನ ಚಿಂತೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೂ ಆ ಒಂದು ಸುಳ್ಳಿನಷ್ಟು ಎತ್ತರವಾಗುತ್ತಿರಲಿಲ್ಲ.

ಮರುದಿನ ರಜೆ ಹಾಕಿ, ಅವ್ವನನ್ನೂ ಕೂಸನ್ನೂ ಕರೆದುಕೊಂಡು ದವಾಖಾನೆಗೆ ಹೋದೆ. ಗುರುವಾರವಲ್ಲ; ಆದರೂ ಬಾಗಿಲಲ್ಲಿ ನಾಲ್ಕು ಜನರಿದ್ದರು. ಡಾಕ್ಟರ್ ಎಂದಿನಂತೆ ಕೇಳಿದರು. ಅವ್ವ ಇಲ್ಲವೆಂದೂ ಅನ್ನಲಿಲ್ಲ, ಇದೆಯೆಂದೂ ಅನ್ನಲಿಲ್ಲ. ನಾನು ನಮ್ಮ ಮನೆಯ ಪದ್ಧತಿ ಹೀಗೆ ಎಂದು ಹೇಗೋ ಹೇಳಿ ಮುಗಿಸಿದೆ. ಬೈಯುತ್ತಾರೆಂದುಕೊಂಡಿದ್ದೆ. ಡಾಕ್ಟರ್ ಎದ್ದು ಹೋಗಿ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ ಬಂದು ಅವ್ವನ ಮುಂದೆ ಕೂತರು.

‘ಅಜ್ಜೀ, ನಾ ರಾಮದುರ್ಗದಾಕಿ. ನಾ ಡಾಕ್ಟರ್ ಆಗೇನಿ ಅಂತ ನಮ್ಮಜ್ಜಿ ಇನ್ನೂ ಯಾರಿಗೂ ಹೇಳಿಲ್ಲ. ಯಾವುದೋ ದವಾಖಾನ್ಯಾಗ ಇರತಾಳ ಅಂತಾಳ. ನಾ ಇಲ್ಲಿ ಕಸಾ ಹೊಡೀತೇನಿ ಅಂತ ನಮ್ಮ ಓಣಿ ಮಂದಿ ತಿಳಕೊಂಡಾರ. ಈಗ ಬಾಗಲಾ ಹಾಕೇನಿ. ಇಲ್ಲಿ ಯಾರ ಕಣ್ಣೂ ಇಲ್ಲ. ಖರೇ ಹೇಳ್ರಿ.’

ಅವ್ವ ಹೇಳತೊಡಗಿದಳು. ಮೊದಲು ಸಣ್ಣ ದನಿಯಲ್ಲಿ, ಆಮೇಲೆ ತಡೆಯಿಲ್ಲದೆ. ಕೂಸು ಮೊದಲು ನಕ್ಕದ್ದು, ಮಗ್ಗುಲಾದದ್ದು, ಗಣಪತಿ ಕೂತ ದಿನ ತಾನೂ ಕೂತದ್ದು. ಓಣಿಯ ಕೊನೆಯಲ್ಲಿ ನನ್ನ ಗಾಡಿಯ ಸಪ್ಪಳ ಕೇಳಿದರೆ ಬಾಗಿಲ ಕಡೆ ಕೈ ಮಾಡುವುದು. ಕೌದಿಯ ಮೇಲೆ ಬಿದ್ದ ಒಂದು ಸಾಸಿವೆ ಕಾಳನ್ನು ಎರಡು ಬೆರಳಿನಿಂದ ಆರಿಸಿ ತನ್ನ ಬಾಯಿಗೆ ಹಾಕಿಕೊಳ್ಳದೆ ಅಜ್ಜಿಯ ಬಾಯಿಗೆ ಇಡುವುದು. ಇಷ್ಟರ ಮೇಲೆ, ಅಜ್ಜಿಯನ್ನು ಆಯಿ ಎಂದು ಕರೆಯುವುದು. ಇದು ನನಗೂ ಹೊಸ ಸುದ್ದಿ. ನಾನು ಆರು ವಾರದಿಂದ ಅವಳ ಮುಂದೆ ಕೂತು ಅಪ್ಪ ಅನ್ನು ಅಪ್ಪ ಅನ್ನು ಎಂದು ಬೇಡುತ್ತಿದ್ದೆ. ಆಗಲೇ ಆಯಿ ಅನ್ನುತ್ತಿದ್ದಾಳೆಂಬುದನ್ನು ಅವ್ವ ನನ್ನಿಂದಲೂ ಮುಚ್ಚಿಟ್ಟಿದ್ದಳು. ಮಾತು ಮುಗಿಯುತ್ತ ಬಂದಂತೆ ಅವಳ ದನಿ ಮತ್ತೆ ಇಳಿಯಿತು.

‘ನಡ್ಯಾಂಗಿಲ್ರಿ ಬಾಯಾರ. ಇದೊಂದ ಖರೇ.’

ಡಾಕ್ಟರ್ ಕೂಸನ್ನು ಮೇಜಿನ ಮೇಲೆ ಮಲಗಿಸಿ, ತೊಡೆ ಸಂದಿಗಳನ್ನು ಸುತ್ತ ತಿರುಗಿಸಿ, ಪಾದ ಮಡಚಿ, ಬೆನ್ನ ಮೇಲೆ ಬೆರಳು ಓಡಿಸಿ ನೋಡಿದರು. ಹಿಂದೆ ನಿಂತು ಚಿಟಿಕೆ ಹೊಡೆದರು. ತಮ್ಮ ಕೊರಳಿನ ನಳಿಗೆಯನ್ನು ಕೊಟ್ಟರು. ಮಗಳು ಅದನ್ನು ಕಚ್ಚಿದಳು. ಆಮೇಲೆ ಅವಳ ಪಾದದ ಅಡಿಯನ್ನು ತಮ್ಮ ಅಂಗೈಯಿಂದ ಸವರಿ, ಏನೋ ಹೊಳೆದವರಂತೆ ಕೇಳಿದರು:

‘ಇಕಿನ್ನ ನೆಲಕ್ಕ ಬಿಡತೀರೇನ್ರಿ?’

‘ನೆಲಕ್ಕ ಯಾಕ ಬಿಡೂಣ್ರಿ,’ ಅಂದಳು ಅವ್ವ, ‘ಮೂರ ಮಂದಿ ಇದ್ದೇವಲ್ಲ.’

ನಿಜ. ಗಾಜಿನ ಪೆಟ್ಟಿಗೆಯಿಂದ ಇಳಿಸಿದ ಮೇಲೆ ನಮ್ಮ ಮಗಳು ಭೂಮಿಯನ್ನು ಮುಟ್ಟಿದ್ದೇ ಅಪರೂಪ. ಹಗಲೆಲ್ಲ ಅವ್ವನ ಟೊಂಕದ ಮೇಲೆ, ಸಂಜೆ ನನ್ನ ಹೆಗಲ ಮೇಲೆ. ಕೂಡಿಸುವುದಿದ್ದರೂ ಕೌದಿಯ ಮೇಲೆ ಕೌದಿ. ಮೂಲೆಗಳಿಗೆ ದಿಂಬು, ಮೇಜಿನ ಕಾಲಿಗೆ ಹಳೆಯ ಟಾವೆಲ್ಲು. ಅದು ನನ್ನ ವ್ಯವಸ್ಥೆ. ಆ ಮೆತ್ತೆಯ ಸಮುದ್ರದಲ್ಲಿ ಪೈಲವಾನನೂ ಎದ್ದು ನಿಲ್ಲಲಾರ. ಡಾಕ್ಟರ್ ನಗಲಿಲ್ಲ. ಕೀಲಿನಲ್ಲಿ, ನರದಲ್ಲಿ ತೊಂದರೆ ಕಾಣುತ್ತಿಲ್ಲ, ಆದರೆ ನಡೆಯುವವರೆಗೆ ನಾನು ಏನೂ ಹೇಳಲಾರೆ ಅಂದರು. ಬರಿ ನೆಲಕ್ಕೆ ಬಿಡಿ, ಬೀಳಲಿ. ಸೂಜಿಯ ದಿನ ನೋಡೋಣ. ಆಗಲೂ ಇಲ್ಲವಾದರೆ ಬೆಳಗಾವಿ.

ಬೀಳಲಿ ಎಂದು ಹೇಳುವುದು ಸುಲಭ. ಕೌದಿಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದ ದಿನ ನಮ್ಮ ಮನೆಯ ಕಡಪಾ ಕಲ್ಲಿನ ನೆಲ ನನಗೆ ಕತ್ತಿಯ ಅಲಗಿನಂತೆ ಕಂಡಿತು. ಮಗಳು ಹೊಸ ನೆಲವನ್ನು ನೆಕ್ಕಿ ನೋಡಿದಳು. ಮಂಚದ ಕಾಲು ಹಿಡಿದಳು. ಎದ್ದಳು, ಬಿದ್ದಳು, ಹಣೆಗೆ ಬೋರೆಹಣ್ಣಿನಷ್ಟು ಗುಬಟಿ ತಂದುಕೊಂಡಳು. ಅವ್ವ ನೋಡಲಾರದೆ ಗೋಡೆಗೆ ಮುಖ ಮಾಡಿ ಕೂತು ಬತ್ತಿ ಹೊಸೆದಳು. ನಾನು ಮಗಳ ಹಿಂದೆ ಅಂಬೆಗಾಲಿನಲ್ಲಿ, ಎರಡೂ ಕೈ ಚಾಚಿಕೊಂಡು, ಬಾಲ ಹಿಡಿದಂತೆ ಹೋಗುತ್ತಿದ್ದೆ. ‘ರೀ, ಆಕಿ ನಡ್ಯೂದಕ್ಕಿಂತ ಮೊದಲ ನೀವು ನಡ್ಯೂದನ್ನ ಮರೀತೀರಿ’ ಎಂದಳು ಸುಧಾ. ವಾರಗಳು ಹೋದವು. ಗೋಡೆ ಹಿಡಿದು ಹೋದಳು, ಕುರ್ಚಿ ಹಿಡಿದು ಹೋದಳು. ಕೈ ಬಿಟ್ಟರೆ ಮಾತ್ರ ತಕ್ಷಣ ಕೂತುಬಿಡುವಳು. ಯಾವುದನ್ನೂ ಹಿಡಿಯದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಶಂಕ್ರವ್ವ ಬಂದರೆ ಅವ್ವ ಅಡಿಗೆಮನೆಗೆ ಸರಿಯತೊಡಗಿದಳು.

ಒಂದೂವರೆ ವರ್ಷದ ಗುರುವಾರ ಬಂತು.

ದವಾಖಾನೆಯ ಪಡಸಾಲೆ ತುಂಬಿತ್ತು. ಸಂಪಗಾಂವದಿಂದ ಬಂದವರು, ಸವದತ್ತಿಯ ತವರಿನಿಂದ ಬಾಣಂತನ ಮುಗಿಸಿ ಬಂದವರು, ಕುಲಾವಿ ಹಾಕಿದ ಕೂಸುಗಳು, ಅದನ್ನು ಕಿತ್ತೊಗೆದ ಕೂಸುಗಳು. ನಾನು ಆಗಲೇ ಬೆಳಗಾವಿಯ ಬಸ್ಸಿನ ವೇಳೆ ಕೇಳಿಟ್ಟುಕೊಂಡಿದ್ದೆ, ಚೀಲದಲ್ಲಿ ಎರಡು ಜೊತೆ ಬಟ್ಟೆಯನ್ನೂ ಹಾಕಿದ್ದೆ. ಎರಡು ಸೂಜಿ, ಎರಡು ಹನಿ. ಚುಚ್ಚುವಾಗ ಕಾಲು ಹಿಡಿದವನು ನಾನು. ಆದ್ದರಿಂದ ಮುಗಿದ ಮೇಲೆ ಮಗಳು ನನ್ನ ಹತ್ತಿರ ಬರಲು ಒಪ್ಪಲಿಲ್ಲ. ಕೈ ಹಿಡಿದಿದ್ದ ಸುಧಾಳ ಹತ್ತಿರವೂ ಬರಲಿಲ್ಲ. ಅರ್ಧ ತಾಸು ಅಲ್ಲೇ ಕೂತಿರಬೇಕು, ಆಮೇಲೆ ಡಾಕ್ಟರ್ ನೋಡುತ್ತಾರೆ. ಬೆಂಚಿನ ಮೇಲೆ ಕೂಡಿಸಿದರೆ ಜಾರಿ ಕೆಳಗಿಳಿದು, ಬೆಂಚಿನ ಅಂಚು ಹಿಡಿದು, ಬಿಕ್ಕುತ್ತ, ನಮ್ಮಿಬ್ಬರಿಗೂ ಬೆನ್ನು ತೋರಿಸಿ ನಿಂತಳು. ಹಾಗೇ ಅಂಚು ಹಿಡಿದು ಬೆಂಚಿನ ಕೊನೆಯವರೆಗೆ ಹೋದಳು. ಅಲ್ಲಿಗೆ ಬೆಂಚು ಮುಗಿಯಿತು. ಆಚೆ ಬರಿ ನೆಲ. ನೆಲದ ಆಚೆ ಕುರ್ಚಿಯಲ್ಲಿ, ಲಸಿಕೆಯ ನೀಲಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಈಗಷ್ಟೇ ತನಗೆ ಚುಚ್ಚಿದ ನರ್ಸಮ್ಮ.

ಮಗಳು ಆಕೆಯನ್ನು ದಿಟ್ಟಿಸಿ ನೋಡಿದಳು. ಬಿಕ್ಕು ನಿಂತಿತು. ಬೆಂಚು ಬಿಟ್ಟಳು.

ನಾನು ಏಳಹೋದೆ. ಅವ್ವ ನನ್ನ ಅಂಗಿಯ ಚುಂಗು ಹಿಡಿದು ಕೂಡಿಸಿದಳು. ಎರಡೂ ಕೈ ಮೇಲೆತ್ತಿಕೊಂಡು, ಕಾಲು ಅಗಲಿಸಿ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲುತ್ತ, ತುಂಬಿದ ಪಡಸಾಲೆಯ ನಟ್ಟನಡುವೆ ನನ್ನ ಮಗಳು ನಡೆದಳು. ನಡೆದು ಹೋಗಿ ನರ್ಸಮ್ಮನ ಮೊಣಕಾಲಿಗೆ ಅಂಗೈಯಿಂದ ಪಟ್ಟೆಂದು ಹೊಡೆದಳು.

‘ಏ ಯವ್ವಾ, ಸೇಡ ತೀರಿಸಾಕ ಬಂದಾಳ ನೋಡ್ರಿ ಇಕಿ,’ ಎಂದು ನರ್ಸಮ್ಮ ನಗತೊಡಗಿದಳು. ‘ತಾಯೀ ತವರಮನಿ ಕಿತ್ತೂರೇನ್ರಿ?’

ಹೌದೆಂದು ಸುಧಾ ಗೋಣು ಹಾಕಿದಳು. ನಗು ಕೇಳಿ ಬಾಗಿಲಿಗೆ ಬಂದ ಡಾಕ್ಟರ್ ಚೌಕಟ್ಟಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದರು. ನನ್ನ ಕಡೆ ತಿರುಗಿ, ಬೆಳಗಾವಿ ಬೇಡ ಎನ್ನುವಂತೆ ಕೈಯಾಡಿಸಿ ಒಳಗೆ ಹೋದರು.

ಪಕ್ಕದಲ್ಲಿ ಕೂತ ಹೆಣ್ಣುಮಗಳು, ಚಲೋ ನಡೆಯುತ್ತದೆ ಕೂಸು, ಎಷ್ಟು ತಿಂಗಳದು ಎಂದು ಕೇಳಿದಳು. ನಾನು ಅಭ್ಯಾಸದಂತೆ ಅವ್ವನ ಕಡೆ ನೋಡಿದೆ. ‘ಎಲ್ಲಿ ನಡೀತಾಳ್ರಿ’ ಬರುತ್ತದೆ ಎಂದು ಕಾದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನೆ ಕೂತಿದ್ದಳು. ಹೀಗಾಗಿ ಉತ್ತರ ಹೇಳುವ ಪಾಳಿ ನನಗೆ ಬಂತು. ಕೊನೆಯ ಬೆಂಚಿನವರೆಗೆ ಮುಟ್ಟುವ ತರಗತಿಯ ದನಿಯಲ್ಲಿ ಹೇಳಿದೆ. ಹದಿನೆಂಟು ತಿಂಗಳಿನವಳು, ನನ್ನ ಮಗಳು, ಮೊಮ್ಮಗಳಲ್ಲ, ಎಂಟು ತಿಂಗಳಿಗೇ ಹುಟ್ಟಿದವಳು, ಮೊದಲನೆಯ ಸಲ ನಡೆದದ್ದು ಇದೀಗ, ನಿಮ್ಮೆಲ್ಲರ ಮುಂದೆ. ಸಾಸಿವೆ ಕಾಳು ಆರಿಸುತ್ತಾಳೆ, ಗಾಡಿಯ ಸಪ್ಪಳ ಗುರುತಿಸುತ್ತಾಳೆ, ಎಲ್ಲ ಸೂಜಿ ವೇಳೆಗೆ ಸರಿಯಾಗಿ ಆಗಿವೆ. ಸುಧಾ ಎರಡು ಸಲ ತೋಳು ಜಗ್ಗಿದಳು. ಕೇಳಿದ ಹೆಣ್ಣುಮಗಳು ಯಾವಾಗಲೋ ತನ್ನ ಕೂಸಿಗೆ ಹಾಲೂಡಿಸಲು ಆ ಕಡೆ ತಿರುಗಿದ್ದಳು. ಐವತ್ತು ವರ್ಷದ ಬಾಕಿ ನನ್ನ ಬಾಯಲ್ಲಿತ್ತು. ಅದು ನಿಲ್ಲುವ ಹಾಗೆ ಕಾಣಲಿಲ್ಲ.

ಮನೆಗೆ ಬಂದು ದೀಪ ಹಚ್ಚುವ ಹೊತ್ತಿಗೆ ಅವ್ವ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು. ಮಗಳನ್ನು ನಡುಮನೆಯಲ್ಲಿ ನಿಲ್ಲಿಸಿದಳು, ಹೌದು, ನಿಲ್ಲಿಸಿದಳು. ಮುಷ್ಟಿಯನ್ನು ಅವಳ ಸುತ್ತ ಇಳಿಸುತ್ತ, ಓಣಿಯವರ ಕಣ್ಣು, ದವಾಖಾನೆಯವರ ಕಣ್ಣು ಎಂದು ಒಂದೊಂದಾಗಿ ಹೆಸರಿಸಿ, ಕೊನೆಗೆ ಹಡೆದ ಅಪ್ಪನ ಕಣ್ಣು ಅಂದಳು. ನನಗೆ ಕೆಣಕಿದಂತಾಯಿತು. ‘ನಂದ್ಯಾಕವ್ವಾ?’ ಎಂದೆ.

‘ಆ ಮಂದಿ ಎಲ್ಲಾ ಒಮ್ಮೆ ನೋಡಿ ತಮ್ಮ ತಮ್ಮ ಕೂಸಿನ ಕಡೆ ಹೊಳ್ಳಿದ್ರು. ನೀ ಒಬ್ಬಾಂವ ಕಣ್ಣ ಕೀಳಲಿಲ್ಲ.’

ಹಿತ್ತಲಿಗೆ ಹೋಗಿ ನೀರೊಲೆಯ ಕೆಂಡದಲ್ಲಿ ಮುಷ್ಟಿ ಬಿಚ್ಚಿದಳು. ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿಯಾಗಿಲ್ಲವೆಂದು ಅರ್ಥ, ಬರದಿದ್ದರೆ ಆಗಿದೆಯೆಂದು. ಅವು ಚಟಪಟ ಅಂದವು, ಕಪ್ಪಾದವು. ನಾನು ಮೂಗು ಅರಳಿಸಿ ಹತ್ತಿರ ಹೋದೆ. ಕೆಮ್ಮು ಬರಲಿಲ್ಲ, ಕಣ್ಣು ಉರಿಯಲಿಲ್ಲ. ಅವ್ವ ನನ್ನ ಕಡೆ ತಿರುಗಿ, ‘ನೋಡಿದ್ಯಾ?’ ಅಂದಳು. ಕಾಯಿ ಹಳೆಯದಿರಬಹುದು, ಗಾಳಿ ಆ ಕಡೆ ಬೀಸುತ್ತಿರಬಹುದು ಎಂದು ವಿಜ್ಞಾನದ ಮಾಸ್ತರ ಹೇಳಬಹುದಿತ್ತು. ಹೇಳಲಿಲ್ಲ. ಆ ಪಡಸಾಲೆಯ ಅಷ್ಟೂ ಕಣ್ಣುಗಳಲ್ಲಿ ನನ್ನದೇ ಎಲ್ಲಕ್ಕಿಂತ ಗಟ್ಟಿ ತಾಗಿತ್ತೆಂದು ಅವ್ವನ ಬಾಯಿಂದ ತೀರ್ಪು ಬಂದಿತ್ತು. ಇದಕ್ಕಿಂತ ದೊಡ್ಡ ಫಸ್ಟ್ ಕ್ಲಾಸು ನನಗೆ ಇನ್ನೆಲ್ಲಿ ಸಿಕ್ಕೀತು?